ಮರುಚಪ್ಪಾಳೆ

ಎಡಗಾಲು ಪೈಜಾಮದೊಳಗೆ ಹೋಯಿತು, ಬಲಗಾಲು ಮಾತ್ರ ಹೋಗಲಿಲ್ಲ. ಮೊಣಕಾಲು ಸೆಟೆದುಕೊಂಡಿತ್ತು. ಅಕ್ಕ ಎರಡು ಸಲ ಪ್ರಯತ್ನಪಟ್ಟು ಬಿಟ್ಟಳು. ಕತ್ತರಿ ತೆಗೆದು ಒಳಗಡೆಯ ಹೊಲಿಗೆಯನ್ನು ತೊಡೆಯವರೆಗೂ ಬಿಚ್ಚಿದಳು. ಬಟ್ಟೆಯನ್ನು ಕಾಲಿನ ಅಡಿಗೆ ಹರಡಿ, ಮೇಲಕ್ಕೆ ತಂದು, ಕಚ್ಚಾ ಹೊಲಿಗೆ ಹಾಕಿದರಾಯಿತು. ಜೀವಮಾನವೆಲ್ಲ ಶಾಲೆ ಮಕ್ಕಳ ಸಮವಸ್ತ್ರ ಹೊಲಿದ ಕೈ ಅದು. ತಂಗಿಯ ಹೆಣಕ್ಕೆ ಬಟ್ಟೆ ತೊಡಿಸುವುದೂ ಆ ಕೈಗೆ ಒಂದು ಕೆಲಸವಾಗಿಯೇ ಕಂಡಿತು. ಮನಸ್ಸಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಸ್ವಲ್ಪ ತಡೀರಿ," ಎಂದಳು ಪಕ್ಕದ ಮನೆಯ ನರ್ಸಮ್ಮ. ಮೈ ಒರೆಸಿದ ಬಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು. "ಇದೇನ್ರೀ ಇದು?"

ಎರಡೂ ತೊಡೆಗಳ ಮೇಲೆ, ಮೊಣಕಾಲಿಗಿಂತ ಒಂದು ಗೇಣು ಮೇಲೆ, ಅಂಗೈ ಅಗಲದ ಕಪ್ಪು. ಹಳೆಯ ಕಪ್ಪಿನ ಮೇಲೆ ಹೊಸ ನೀಲಿ.

"ಬಿದ್ದಿದ್ರಾ?"

"ಇಲ್ಲ."

"ಬಿದ್ರೆ ಎರಡೂ ಕಡೆ ಒಂದೇ ಅಳತೆಗೆ ಆಗಲ್ಲ ಬಿಡಿ." ನರ್ಸಮ್ಮ ದನಿ ತಗ್ಗಿಸಿದಳು. "ಆಸ್ಪತ್ರೇಲಿ ಇಂಥದ್ದು ಬೇಕಾದಷ್ಟು ನೋಡಿದೀನಿ. ಯಾರಾದ್ರೂ ಕೈ ಮಾಡ್ತಿದ್ರಾ? ನನ್ನ ಹತ್ರ ಮುಚ್ಚಿಡಬೇಡಿ."

ಉತ್ತರ ಅಕ್ಕನಿಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ನಿನ್ನೆ ಸಂಜೆ ತಂಗಿ ತರಬೇತಿಯಿಂದ ಬಂದು, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು, "ಐದು ನಿಮಿಷ ಅಕ್ಕ, ಆಮೇಲೆ ಎದ್ದು ಕೈಕಾಲು ತೊಳೀತೀನಿ" ಎಂದವಳು ಏಳಲೇ ಇಲ್ಲ. ಆಗಿನಿಂದ ಹೀಗೇ. ಕೇಳಿದ್ದು ಕಿವಿಗೆ ಬೀಳುತ್ತಿತ್ತು, ಹೇಳಬೇಕಾದ್ದು ಎಲ್ಲೋ ಹಿಂದೆ ಸಾಲಿನಲ್ಲಿ ನಿಂತಿರುತ್ತಿತ್ತು, ಅದರ ಸರದಿ ಬರುವಷ್ಟರಲ್ಲಿ ಕೇಳಿದವರೇ ಹೊರಟುಹೋಗಿರುತ್ತಿದ್ದರು.

ಬಾಗಿಲ ಬಳಿ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದ ಉದ್ದನೆಯ ಹೆಂಗಸು ಪಾತ್ರೆಯನ್ನು ಕೆಳಗಿಟ್ಟಳು. ತಂಗಿ ನಡೆಸುತ್ತಿದ್ದ ಬೇಸಿಗೆ ಸಂಗೀತ ತರಬೇತಿಗೆ ಊರೂರುಗಳಿಂದ ಬರುವ ಪ್ರೈಮರಿ ಶಾಲೆಯ ಟೀಚರುಗಳಲ್ಲಿ ಅವಳೊಬ್ಬಳು. ಇದು ಅವಳ ಮೂರನೆಯ ಬೇಸಿಗೆ. ತಂಗಿ ಮೊದಲ ದಿನವೇ ಅವಳಿಗೆ ಏಣಿ ಎಂದು ಹೆಸರಿಟ್ಟಿದ್ದಳು. ಈಗ ಮನೆಯಲ್ಲಿ ಗಂಡನೂ ಹಾಗೇ ಕರೆಯುತ್ತಾನಂತೆ.

"ಯಾರೂ ಹೊಡೆದಿದ್ದಲ್ಲ ನರ್ಸಮ್ಮ, ಮೇಡಂ ಅವರೇ ಹೊಡ್ಕೊಂಡಿದ್ದು," ಎಂದು ಏಣಿ ಟೀಚರ್ ಬೇರೆ ಯಾರೂ ಇಲ್ಲವೆಂದು ನೋಡಿ ತನ್ನ ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆತ್ತಿದಳು. ಅಲ್ಲೂ ಕೆಂಪಗೆ ಬಾತಿತ್ತು. "ತಾಳ ಹಾಕಿ ಹಾಕಿ. ತೊಡೆ ತಟ್ಟೋದು, ಎದೆ ತಟ್ಟೋದು, ಚಪ್ಪಾಳೆ, ಕಾಲು. ವಾದ್ಯ ಕೈಗೆ ಬರೋ ಮುಂಚೆ ಮೈಯಲ್ಲೇ ನುಡಿಸಬೇಕು ಅಂತಾರೆ. ಒಂದು ವಾರಕ್ಕೇ ನನಗೆ ಹಿಂಗಾಗಿದೆ. ಅವರು ಎಷ್ಟೋ ವರ್ಷದಿಂದ..."

ನರ್ಸಮ್ಮ ಬಗ್ಗಿ ಎರಡೂ ಕಾಲುಗಳನ್ನು, ಸತ್ತವಳದ್ದನ್ನೂ ಬದುಕಿದವಳದ್ದನ್ನೂ, ಹೋಲಿಸಿ ನೋಡಿದಳು.

"ಸಂಗೀತದ ಟೀಚರ್ ಅಂದ್ರೆ ಹಾಯಾಗಿ ಕೂತು ಹಾಡ್ತಾರೆ ಅನ್ಕೊಂಡಿದ್ದೆ. ಇದು ಕುಸ್ತಿ ಆಯ್ತಲ್ಲೇ ತಾಯಿ!"

ಏಣಿ ಟೀಚರಿಗೆ ನಗು ಬಂತು, ಆಮೇಲೆ ಅಳು ಬಂತು. ಅಕ್ಕ ಸೂಜಿಗೆ ದಾರ ಪೋಣಿಸಿದಳು. ಮೊದಲ ಸಲಕ್ಕೇ ದಾರ ಒಳಗೆ ಹೋಯಿತು.

*

ತಂಗಿಗೆ ಆಗ ಏಳೋ ಎಂಟೋ ವರ್ಷ. ಶಾಲೆಗೆ ಇನ್ಸ್‌ಪೆಕ್ಟರ್ ಬರುವ ದಿನ ಮಕ್ಕಳೆಲ್ಲ ಸಾಲಾಗಿ ನಿಂತು ಸ್ವಾಗತದ ಹಾಡು ಹೇಳಬೇಕಿತ್ತು. ಹಾಡಿನ ಮೇಷ್ಟ್ರು ಸಾಲಿನುದ್ದಕ್ಕೂ ಕಿವಿಗೊಟ್ಟು ನಡೆದು ಬಂದು ಅವಳ ಮುಂದೆ ನಿಂತರು. "ನೀನು ಬರೀ ಬಾಯಾಡಿಸು ಮರಿ, ದನಿ ತೆಗೀಬೇಡ" ಎಂದರು. ಬೈದು ಹೇಳಲಿಲ್ಲ, ತಲೆ ಸವರಿಯೇ ಹೇಳಿದರು. ಹುಡುಗಿ ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಳೆಂದರೆ ಮನೆಯಲ್ಲೂ ಬಾಯಾಡಿಸತೊಡಗಿದಳು. ಕರೆದರೆ ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ. ಅಮ್ಮ ಗಾಬರಿಯಾಗಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, ಏನೂ ಇಲ್ಲ ಎಂದು ಕಳಿಸಿದರು.

ಅಂಥವಳಿಗೆ ಮುಂದೆ ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಕ್ಕಿದಾಗ ಸಂಗೀತದ ತರಗತಿಯನ್ನೇ ತಲೆಗೆ ಕಟ್ಟಿದರು. ಆ ಪೀರಿಯಡ್ ಯಾರಿಗೂ ಬೇಡವಾಗಿತ್ತು, ಹೊಸಬಳು ಇವಳೊಬ್ಬಳೇ. ಮೊದಲ ದಿನ ಅರವತ್ತು ಮಕ್ಕಳ ಮುಂದೆ ನಿಂತು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಏನು ಮಾಡಲೂ ತೋಚದೆ ಬೆರಳ ಗಿಣ್ಣಿನಿಂದ ಮೇಜಿನ ಮೇಲೆ ತಟ್ಟಿದಳು. ಮಕ್ಕಳು ಡೆಸ್ಕಿನ ಮೇಲೆ ಹಾಗೇ ತಟ್ಟಿದರು. ಇನ್ನೊಂದು ಬಗೆಯಲ್ಲಿ ತಟ್ಟಿದಳು, ಅದೂ ವಾಪಸ್ಸು ಬಂತು. ಸೂರು ಕುಸಿಯಿತೆಂದು ಪಕ್ಕದ ಕೋಣೆಯವರು ಓಡಿ ಬಂದರಂತೆ.

ಒಂದು ರಜೆಯಲ್ಲಿ ದೂರದ ಊರಿನ ತರಬೇತಿಗೆ ಹೋಗಿ ಬಂದ ಮೇಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ. ಸಣ್ಣ ಪೆಟ್ಟಿಗೆಯ ಮೇಲೆ ಮರದ ಪಟ್ಟಿ ಜೋಡಿಸಿದ ವಾದ್ಯವನ್ನು ಹೊತ್ತು ತಂದು ಅಕ್ಕನ ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟಳು.

"ನೋಡಕ್ಕ, ಬೇಡದ ಪಟ್ಟಿ ಎತ್ತಿಟ್ರೆ ಆಯ್ತು. ಉಳಿದಿದ್ದರಲ್ಲಿ ಮಗು ಎಲ್ಲಿ ಬಡಿದ್ರೂ ಸರಿಯಾಗೇ ಇರುತ್ತೆ."

"ಎಲ್ಲಿ ಬಡಿದ್ರೂ ಸರಿ ಅಂದ್ರೆ ಇನ್ನು ನೀನು ಕಲಿಸೋದೇನೇ, ಮಣ್ಣು?"

ತಂಗಿ ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಬಡಿಯುವ ಕೋಲುಗಳ ತಲೆಗೆ ಉಣ್ಣೆ ಸುತ್ತಿಕೊಡುವ ಕೆಲಸ ಅಕ್ಕನದಾಯಿತು. ಪ್ರತಿ ಬೇಸಿಗೆಗೂ ಬುಟ್ಟಿ ತುಂಬ ಸುತ್ತಿದಳು. ಆ ಕೋಲುಗಳು ಹೋಗುವ, ತರಬೇತಿ ನಡೆಯುವ ಶಾಲೆಯ ಹಾಲಿಗೆ ಮಾತ್ರ ಒಂದು ದಿನವೂ ಕಾಲಿಡಲಿಲ್ಲ. ದೊಡ್ಡವರು ಕೂಡಿ ಮಕ್ಕಳ ಹಾಗೆ ಕುಣಿಯುವುದರಲ್ಲಿ ನೋಡುವುದೇನಿದೆ?

*

ಹೊರಗಿನ ಓಣಿಯಲ್ಲಿ ತರಬೇತಿಗೆ ಬಂದವರೆಲ್ಲ ಗೋಡೆಗುಂಟ ನಿಂತಿದ್ದರು. ನಲವತ್ತು ಜನರಿರಬಹುದು. ಹೆಚ್ಚಿನವರು ಹೆಂಗಸರು, ನಡುವೆ ಐದಾರು ಗಂಡಸರು. ಶಾಲೆಯ ಹೆಡ್‌ಮಾಸ್ಟರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಅಕ್ಕನ ಹತ್ತಿರ ಬಂದರು.

"ಇಂಥ ಹೊತ್ತಲ್ಲಿ ಕೇಳಬಾರದು, ಆದ್ರೂ ಕೇಳಲೇಬೇಕು. ತರಬೇತಿ ಮುಂದುವರಿಸೋದಾ, ಇವರನ್ನೆಲ್ಲ ಊರಿಗೆ ಕಳಿಸೋದಾ? ಸಂಜೆಯೊಳಗೆ ನಾನು ಮೇಲಿನವರಿಗೆ ತಿಳಿಸಬೇಕು."

"ನಾನೇನು ಹೇಳಲಿ?"

"ಮನೆಯವರು ಬೇಡ ಅಂದ್ರು ಅಂದ್ರೆ ಯಾರೂ ತಕರಾರು ಮಾಡಲ್ಲ. ನಾನಾಗಿ ನಿಲ್ಲಿಸಿದ್ರೆ ನಾಳೆ ನನ್ನ ತಲೆ ಮೇಲೆ ಬರುತ್ತೆ. ಹಳೇ ಡೆಸ್ಕೆಲ್ಲ ಬಿಸಿಲಲ್ಲಿ ಬಿದ್ದಿವೆ, ಹಾಲ್ ಖಾಲಿಯಾದ್ರೆ ಅಲ್ಲಿಡೋಣ ಅಂತ..."

"ಒಂದು ಸಲ ಡೆಸ್ಕು ಒಳಗೆ ಹೋದ್ರೆ ಮತ್ತೆ ಹೊರಗೆ ಬರಲ್ಲ ದೊಡ್ಡಮ್ಮ," ಎಂದಳು ಹಿಂದಿನಿಂದ ಏಣಿ ಟೀಚರ್. "ಈ ಸಲ ನಿಂತ್ರೆ ಮುಂದಿನ ಬೇಸಿಗೆಗೆ ತರಬೇತಿ ಅನ್ನೋದೇ ಇರಲ್ಲ. ಹಳಬರು ನಾಲ್ಕು ಜನ ಇದೀವಿ, ಹೆಂಗೋ ನಡೆಸ್ತೀವಿ. ನೀವು ಹೂಂ ಅಂದ್ರೆ ಸಾಕು."

"ಇದೇನಮ್ಮ ಇದು!" ಅಕ್ಕತಂಗಿಯರ ಕಿರಿಯ ತಮ್ಮ ನಡುವೆ ಬಾಯಿ ಹಾಕಿದ. ನೀರು ಸರಬರಾಜು ಕಚೇರಿಯಲ್ಲಿ ಮೇಲ್ವಿಚಾರಕನಾಗಿದ್ದ ಅವನಿಗೆ ಎಲ್ಲವೂ ಕ್ರಮವಾಗಿ ನಡೆಯಬೇಕು. "ಹೆಣ ಇನ್ನೂ ಮನೇಲಿದೆ, ನಾಳೆ ಡಾಂಡೂಂ ಅಂತ ಬಡೀತೀವಿ ಅಂತಿದೀರಲ್ಲ. ಜನ ಏನಂತಾರೆ? ಅಕ್ಕ, ಬೇಡ ಅಂದ್ಬಿಡು. ಅದೇ ಅಲ್ವಾ ಅವಳನ್ನ ತಿಂದಿದ್ದು."

ಅಕ್ಕನ ಮನಸ್ಸಿನಲ್ಲಿದ್ದದ್ದೂ ಅದೇ. ಬೇಡ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಓಣಿಯ ಕೊನೆಯಲ್ಲಿ ಶವದ ವ್ಯಾನು ತಿರುಗಿತು.

ಓಣಿ ಕಿರಿದು, ವ್ಯಾನು ಹಿಮ್ಮುಖವಾಗಿಯೇ ಬರಬೇಕಿತ್ತು. ಒಬ್ಬ ಓಡಿಸುತ್ತಿದ್ದ, ದಪ್ಪ ಮೀಸೆಯ ಇನ್ನೊಬ್ಬ ಹಿಂದೆ ನಡೆಯುತ್ತ ದಾರಿ ತೋರಿಸುತ್ತಿದ್ದ. ಬಾಗಿಲ ಮುಂದೆ ಬರುತ್ತಲೇ ಮೀಸೆಯವನು, ನಿಲ್ಲಿಸು ಎಂದು ಹೇಳಲು, ಅಂಗೈಯಿಂದ ವ್ಯಾನಿನ ತಗಡಿಗೆ ತಟ್ಟಿದ.

ತಟ್, ತಟ್, ತಟತಟ ತಟ್.

ಗೋಡೆಗುಂಟ ನಿಂತ ನಲವತ್ತು ಜನರೂ ಒಂದೇ ಏಟಿಗೆ ಚಪ್ಪಾಳೆ ತಟ್ಟಿದರು.

ತಟ್, ತಟ್, ತಟತಟ ತಟ್.

ಒಬ್ಬರೂ ಹಿಂದೆ ಬೀಳಲಿಲ್ಲ, ಒಬ್ಬರೂ ಮುಂದೆ ಓಡಲಿಲ್ಲ. ಎದುರು ಮನೆಯ ಪಾರಿವಾಳಗಳು ಎದ್ದು ಹಾರಿದವು. ಟೀಚರುಗಳು ತಮ್ಮ ಕೈಗಳನ್ನು ತಾವೇ ನೋಡಿಕೊಂಡರು, ಅವು ಬೇರೆ ಯಾರದೋ ಎಂಬಂತೆ. ಒಬ್ಬಳು ಬಾಯಿಗೆ ಬಟ್ಟೆ ಅಡ್ಡ ಹಿಡಿದಳು.

"ಥೂ! ಮಾನ ಮರ್ಯಾದೆ ಇದೆಯೇನ್ರೀ ನಿಮಗೆ?" ತಮ್ಮನ ಮುಖ ಕೆಂಪಾಗಿತ್ತು. "ನನ್ನ ಅಕ್ಕನ ಸಾವು ಚಪ್ಪಾಳೆ ಹೊಡೆಯೋ ವಿಷಯಾನಾ?"

"ನಾನೇನೂ ಮಾಡಿಲ್ಲ ಸಾರ್," ಎಂದ ಮೀಸೆಯವನು, ಎರಡೂ ಕೈ ಮೇಲೆತ್ತಿ. "ನಿಲ್ಸು ಅಂತ ತಟ್ಟಿದೆ ಅಷ್ಟೇ. ಈ ಕೆಲಸಕ್ಕೆ ಸೇರಿದಾಗಿಂದ ಹಿಂಗೇ ತಟ್ತೀನಿ. ಯಾರೂ ವಾಪಸ್ ತಟ್ಟಿರ್ಲಿಲ್ಲ."

"ಬೇಕಂತ ಮಾಡಿದ್ದಲ್ಲ ಸಾರ್, ಕೈ ತಾನಾಗೇ ಹೋಯ್ತು," ಎಂದಳು ಏಣಿ ಟೀಚರ್. "ಮೇಡಂ ಹಾಲಲ್ಲಿ ಮಾತೇ ಆಡಲ್ಲ. ಅವರು ತಟ್ಟಬೇಕು, ನಾವು ವಾಪಸ್ ತಟ್ಟಬೇಕು. ಬೆಳಗ್ಗೆ ಕರೆಯೋದೂ ಹಾಗೇ, ಊಟಕ್ಕೆ ಬಿಡೋದೂ ಹಾಗೇ. ಅಭ್ಯಾಸ ಆಗೋಗಿದೆ." ಆಮೇಲೆ ಅಕ್ಕನ ಕಡೆ ತಿರುಗಿ, "ಕ್ಷಮಿಸಿ ದೊಡ್ಡಮ್ಮ" ಎಂದಳು.

ಸಿಟ್ಟು ಬರಬೇಕಿತ್ತು. ಅಕ್ಕ ಅದಕ್ಕಾಗಿ ಒಳಗೆಲ್ಲ ಹುಡುಕಿದಳು. ಸಿಗಲಿಲ್ಲ.

ಒಳಗಿದ್ದ ಶವಪೆಟ್ಟಿಗೆಯತ್ತ ಕೈ ತೋರಿಸಿ, "ಪೆಟ್ಟಿಗೆ ಎತ್ತಿ," ಎಂದಳು.

*

"ಈ ಬೇಸಿಗೆ ನನಗೆ ಕೊಡು," ಎಂದು ಕೇಳಿದ್ದಳು ಅಕ್ಕ, ಇನ್ನೂ ತಿಂಗಳಾಗಿರಲಿಲ್ಲ. ಮಡಿಲಲ್ಲಿ ಉಣ್ಣೆಯ ಉಂಡೆ, ಕೈಯಲ್ಲಿ ಕೋಲು. ಹೃದಯದ ಡಾಕ್ಟರು ಅದೇ ಬೆಳಗ್ಗೆ ತಂಗಿಗೆ, ಕುಣಿದದ್ದು ಸಾಕು, ಇನ್ನು ಕೂತು ಪಾಠ ಮಾಡಿ ಎಂದಿದ್ದರು.

"ಕೊಟ್ರೆ ಏನ್ಮಾಡ್ತೀಯ?"

"ಏನೂ ಮಾಡಲ್ಲ. ಮಧ್ಯಾಹ್ನ ಊಟ ಮಾಡಿ ಕಿಟಕಿ ಮುಚ್ಚಿ ಇಬ್ಬರೂ ಮಲಗೋಣ. ಸಂಜೆ ಎದ್ದು ಟೀ ಕುಡಿಯೋಣ. ಇಬ್ಬರೂ ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ಒಂದೇ ಮನೇಲಿ ಇಷ್ಟು ವರ್ಷ ಇದ್ವಿ. ಒಂದೇ ಒಂದು ಬೇಸಿಗೆ ಮಧ್ಯಾಹ್ನ ಒಟ್ಟಿಗೆ ನಿದ್ದೆ ಮಾಡಿದೀವಾ?"

ತಂಗಿ ಉಣ್ಣೆಯ ಎಳೆಯೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಇದೊಂದು ಸಲ ಅಕ್ಕ. ಈ ಸಲ ಹೊಸಬರೇ ಜಾಸ್ತಿ. ಪಾಪ, ಒಬ್ಬೊಬ್ಬರೂ ನನ್ನ ಹಾಗೇ, ಸಂಗೀತ ಬರಲ್ಲ, ತರಗತಿ ಮಾತ್ರ ತಲೆಗೆ ಕಟ್ಟಿದಾರೆ. ಮುಂದಿನ ವರ್ಷ ಏಣಿ ನಡೆಸ್ತಾಳೆ, ನಾನು ನಿನ್ನ ಪಕ್ಕ ಬಿದ್ಕೊಂಡು ಗೊರಕೆ ಹೊಡೀತೀನಿ."

"ಹೋದ ವರ್ಷಾನೂ ಇದೇ ರಾಗ ಎಳೆದಿದ್ದೆ."

"ಅದಕ್ಕೇ ಬಾಯಿಪಾಠ ಆಗಿದೆ," ಎಂದಳು ತಂಗಿ. ಅಕ್ಕ ಕೋಲನ್ನು ಬುಟ್ಟಿಗೆ ಎಸೆದು ಒಳಗೆ ಹೋದಳು. ಆಮೇಲೆ ಬಂದು ಉಳಿದವನ್ನೂ ಸುತ್ತಿದಳು.

*

ವ್ಯಾನಿನೊಳಗೆ ಪೆಟ್ಟಿಗೆಯ ಎರಡೂ ಕಡೆ ಉದ್ದ ಬೆಂಚು. ಅಕ್ಕನ ಪಕ್ಕದಲ್ಲಿ ಏಣಿ ಟೀಚರ್ ಮೊಣಕಾಲು ಮಡಚಲು ಜಾಗವಿಲ್ಲದೆ ಓರೆಯಾಗಿ ಕೂತಿದ್ದಳು. ತಮ್ಮ ಎದುರಿಗೆ ಕಿಟಕಿಯಾಚೆ ನೋಡುತ್ತಿದ್ದ.

"ಮೊದಲನೇ ವರ್ಷ ನಾನು ಮಹಾ ತಪ್ಪು ಮಾಡ್ತಿದ್ದೆ ದೊಡ್ಡಮ್ಮ," ಎಂದಳು ಏಣಿ ಟೀಚರ್. ಯಾರೂ ಕೇಳಿರಲಿಲ್ಲ. "ಎಲ್ಲರೂ ಮೂರು ತಟ್ಟಿದ್ರೆ ನಂದು ನಾಲ್ಕಾಗ್ತಿತ್ತು. ಒಂಟಿಯಾಗಿ ಒಂದು ಚಪ್ಪಾಳೆ ಟಪ್ ಅಂತ ಬೀಳೋದು. ಎಲ್ಲರೂ ದುಂಡಗೆ ನಿಂತು ಸುತ್ತ ಹೆಜ್ಜೆ ಹಾಕ್ತಾ ತಟ್ಟೋದಲ್ವಾ, ನಾಚಿಕೆ ಆಗಿ ಆ ವೃತ್ತ ಬಿಟ್ಟು ಹೊರಡೋಕೆ ನೋಡಿದೆ. ಮೇಡಂ ನಿಲ್ಲಿಸಲಿಲ್ಲ, ತಿದ್ದಲಿಲ್ಲ. ಮುಂದಿನ ಸುತ್ತಿಗೆ ಅವರೇ ನಾಲ್ಕು ತಟ್ಟಿದ್ರು. ಎಲ್ಲರೂ ನಾಲ್ಕು ತಟ್ಟಿದ್ರು."

"ಅಂದ್ರೆ?"

"ಅಂದ್ರೆ ನನ್ನ ತಪ್ಪೇ ಪಾಠ ಆಗೋಯ್ತು. ಅಷ್ಟು ಜನ ಸೇರಿ ನನ್ನ ತಪ್ಪನ್ನ ತಟ್ಟಿದಾಗ... ಅದೇನೋ ಚೆನ್ನಾಗೇ ಇತ್ತು ದೊಡ್ಡಮ್ಮ."

ತಮ್ಮ ಮೂಗಿನಲ್ಲೇ ಹೂಂ ಎಂದ. ವ್ಯಾನು ಗುಂಡಿಯೊಂದರಲ್ಲಿ ಇಳಿದೆದ್ದಿತು. ಮೂವರ ಕೈಯೂ ಒಟ್ಟಿಗೆ ಪೆಟ್ಟಿಗೆಯ ಮೇಲೆ ಬಿತ್ತು. ಸ್ವಲ್ಪ ಹೊತ್ತು ಯಾರೂ ತೆಗೆಯಲಿಲ್ಲ.

ಸ್ಮಶಾನದ ಗೇಟೂ ಕಿರಿದೇ. ಟೀಚರುಗಳು ಬಾಡಿಗೆ ಬಸ್ಸಿನಲ್ಲಿ ಮೊದಲೇ ಬಂದು ದಾರಿಯ ಬದಿಗೆ ನಿಂತಿದ್ದರು. ಎಲ್ಲರೂ ಇಳಿದ ಮೇಲೆ ವ್ಯಾನು ಹಿಮ್ಮುಖವಾಗಿ ಒಳಗೆ ಸರಿಯಿತು. ತೋಡಿದ ಮಣ್ಣಿನ ಗುಡ್ಡೆಯ ಹತ್ತಿರ ನಿಲ್ಲಿಸಬೇಕಾದಾಗ ಮೀಸೆಯವನು ಕೈ ಎತ್ತಿದ. ಎತ್ತಿದವನು ಟೀಚರುಗಳತ್ತ ನೋಡಿದ. ಟೀಚರುಗಳು ಅವನ ಕೈಯನ್ನು ನೋಡಿದರು. ಒಬ್ಬರಾದ ಮೇಲೊಬ್ಬರು ತಮ್ಮ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಿಗಿ ಹಿಡಿದರು, ಚಳಿಗೆ ನಿಂತವರ ಹಾಗೆ, ಸುಡುವ ಬಿಸಿಲಿನಲ್ಲಿ.

ವ್ಯಾನು ಸರಿಯುತ್ತಲೇ ಇತ್ತು.

"ತಟ್ಟೋ ಮಾರಾಯ, ಗುಂಡಿಗೆ ಹೋಗ್ತೀನಿ!" ಎಂದು ಒಳಗಿನಿಂದ ಡ್ರೈವರ್ ಕೂಗಿದ.

"ತಟ್ಟಪ್ಪ, ಪರವಾಗಿಲ್ಲ," ಎಂದಳು ಅಕ್ಕ.

ತಟ್, ತಟ್, ತಟತಟ ತಟ್.

ವ್ಯಾನು ನಿಂತಿತು. ಯಾರೂ ಅಲ್ಲಾಡಲಿಲ್ಲ. ಕಂಕುಳಲ್ಲಿದ್ದ ಕೈಗಳು ಕಂಕುಳಲ್ಲೇ ಉಳಿದವು. ತಗಡಿನ ಸದ್ದು ಕಾಂಪೌಂಡ್ ಗೋಡೆಯವರೆಗೂ ಹೋಗಿ ಅಲ್ಲೇ ಮುಗಿಯಿತು.

ಅಕ್ಕ ಕಾದಳು. ಏನಕ್ಕೆ ಕಾಯುತ್ತಿದ್ದೇನೆಂದು ತನಗೇ ತಿಳಿಯುವ ಮೊದಲೇ ಕಾದಳು. ಮರುಚಪ್ಪಾಳೆಗೆಂದು ತಿಳಿದ ಮೇಲೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕತ್ತಲಲ್ಲಿ ಒಂದು ಮೆಟ್ಟಿಲು ತಪ್ಪಿದಂತಾಯಿತು. ಬೆಳಗಿನಿಂದ ಅವಳಿಗೆ ಆದದ್ದು ಅದೊಂದೇ.

ಪೆಟ್ಟಿಗೆ ಇಳಿಯಿತು. ಎಲ್ಲರೂ ಹಿಡಿ ಮಣ್ಣು ಹಾಕಿದರು. ತಮ್ಮ ಮಣ್ಣು ಹಾಕಿ, ಕೈ ಕೊಡವಿಕೊಳ್ಳುವುದನ್ನು ಮರೆತು, ಹಾಗೇ ಮುಷ್ಟಿ ಕಟ್ಟಿ ನಿಂತ.

ಗೇಟಿನ ಬಳಿ ಹೆಡ್‌ಮಾಸ್ಟರು ಮತ್ತೆ ಎದುರಾದರು. "ಹೊತ್ತಾಗ್ತಾ ಬಂತು. ಏನಂತ ತಿಳಿಸಲಿ? ನೀವು ಬೇಡ ಅಂತೀರಿ ಅಂತಲೇ ನಾನು ಹಾಲ್ ತೊಳೆಸಿದೀನಿ."

"ಮೊದಲು ನಾನು ಆ ಹಾಲ್ ನೋಡಬೇಕು," ಎಂದಳು ಅಕ್ಕ.

"ಈಗ ಯಾಕಕ್ಕ? ಮನೆಗೆ ಹೋಗಿ ಸ್ವಲ್ಪ ಮಲಗು," ಎಂದ ತಮ್ಮ.

"ಮಲಗೋದು ಇದ್ದೇ ಇದೆ. ನೀನೂ ಬಾ."

*

ಹಾಲ್ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಎತ್ತರದ ಕಿಟಕಿಗಳು, ಕೆಂಪು ಗಾರೆಯ ಹಳೆಯ ನೆಲ. ಬಾಗಿಲ ಹೊರಗೆ ಕಾಲು ಮುರಿದ ಡೆಸ್ಕುಗಳು ಒಂದರ ಮೇಲೊಂದು ಏರಿ, ಒಳಗೆ ಬರಲು ಸಿದ್ಧವಾಗಿದ್ದವು. ಶಾಲೆಯ ಆಯಾ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೆಲ ಒರೆಸುತ್ತಿದ್ದಳು.

"ಇನ್ನೂ ಮುಗಿದಿಲ್ವಾ?" ಎಂದರು ಹೆಡ್‌ಮಾಸ್ಟರು.

"ಎಲ್ಲಾ ಒಣಗಿದೆ ಸಾರ್, ಇದೊಂದು ಕಡೆ ಒಣಗ್ತಿಲ್ಲ. ಎಷ್ಟು ಹಿಂಡಿ ಒರೆಸಿದ್ರೂ ನೀರು ಬಂದು ಇಲ್ಲೇ ನಿಲ್ಲುತ್ತೆ. ನೆಲ ತಗ್ಗಾಗಿದೆ."

ಅಕ್ಕ ನೋಡಿದಳು. ಗೋಡೆಗಳ ಹತ್ತಿರ ನೆಲ ಒಣಗಿತ್ತು. ಹಾಲಿನ ನಟ್ಟನಡುವೆಯೂ ಒಣಗಿತ್ತು. ನಡುವಿನ ಆ ಕೆಂಪಿನ ಸುತ್ತ, ಒಂದು ಪಾದದಷ್ಟು ಅಗಲಕ್ಕೆ, ಗಾರೆ ಸವೆದು ಬಣ್ಣ ಬಿಟ್ಟು ತೆಳ್ಳಗೆ ತಗ್ಗಾಗಿತ್ತು. ಆ ತಗ್ಗಿನಲ್ಲಿ ನೀರು ದುಂಡಗೆ ನಿಂತಿತ್ತು, ಎಲ್ಲೂ ಕಡಿಯದೆ, ಇಡೀ ಹಾಲಿಗೆ ಒಂದು ಬಳೆ ಇಟ್ಟ ಹಾಗೆ. ಪಶ್ಚಿಮದ ಕಿಟಕಿಯ ಬೆಳಕು ಅದರ ಅರ್ಧವನ್ನು ಹಿಡಿದಿತ್ತು.

"ಇಷ್ಟು ಹೇಗೆ ಸವೀತು?" ಎಂದ ತಮ್ಮ. ಅವನ ದನಿ ಬದಲಾಗಿತ್ತು. ಬಾಗಿಲಲ್ಲಿ ನಿಂತಿದ್ದ ಏಣಿ ಟೀಚರ್ ತನ್ನ ಪಾದಗಳನ್ನು ನೋಡಿಕೊಂಡಳು.

"ಒರೆಸಿಬಿಡಮ್ಮ ಬೇಗ, ಡೆಸ್ಕು ತರಿಸ್ತೀನಿ," ಎಂದರು ಹೆಡ್‌ಮಾಸ್ಟರು.

"ಬಿಡಿ, ಒರೆಸೋದು ಬೇಡ," ಎಂದಳು ಅಕ್ಕ. "ಡೆಸ್ಕೂ ಬೇಡ. ನಾಳೆ ಎಷ್ಟು ಹೊತ್ತಿಗೆ ಶುರು ಮಾಡ್ತಿದ್ರೋ ಅಷ್ಟು ಹೊತ್ತಿಗೆ ಶುರು ಮಾಡ್ಲಿ. ಮನೆಯವರು ಹೇಳಿದ್ರು ಅಂತ ತಿಳಿಸಿ."

ಹೆಡ್‌ಮಾಸ್ಟರು ತಮ್ಮನ ಮುಖ ನೋಡಿದರು. ತಮ್ಮ ನೆಲವನ್ನೇ ನೋಡುತ್ತಿದ್ದ.

ಟೀಚರುಗಳು ಬಾಗಿಲಲ್ಲಿ ಗುಂಪುಗೂಡಿದ್ದರು. ಮೊದಲು ಏಣಿ ಟೀಚರ್ ಚಪ್ಪಲಿ ಬಿಟ್ಟು ಒಳಗೆ ಬಂದು ನೀರಿನ ಬಳೆಯ ಮೇಲೆ ನಿಂತಳು. ಅವಳ ಪಕ್ಕದಲ್ಲಿ ಇನ್ನೊಬ್ಬಳು, ಅವಳ ಪಕ್ಕದಲ್ಲಿ ಮತ್ತೊಬ್ಬ. ಎಲ್ಲಿ ನಿಲ್ಲಬೇಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಪಾದಗಳು ಬಂದಂತೆಲ್ಲ ನೀರು ಸರಿದು ಸರಿದು ಜಾಗ ಬಿಟ್ಟಿತು. ಕೊನೆಗೆ ನೀರೇ ಕಾಣದಾಯಿತು, ಬರೀ ಪಾದಗಳ ದುಂಡು. ಅಕ್ಕ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಯಾರೂ ಇನ್ನೂ ಏನೂ ತಟ್ಟಿರಲಿಲ್ಲ. ಅವರ ಕಾಲ್ಬೆರಳ ಸಂದಿಗಳಿಂದ ಉಕ್ಕಿದ ನೀರು ಸಣ್ಣ ಸಣ್ಣ ಎಳೆಗಳಾಗಿ, ಒಣಗಿದ ನಡುನೆಲದ ಕಡೆಗೆ ಮೆಲ್ಲನೆ ಹರಿಯತೊಡಗಿತ್ತು.